ತೋಟದಲ್ಲಿ ಮಾತ್ರ ಓಡಿಸಿದ್ದಂತೆ!

ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದ್ದೇನೆ. 92,000 ರೂಪಾಯಿ ಎಣಿಸಿ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಎಟಿವಿ ತಂದೆ. ಎಟಿವಿ ಅಂದರೆ ಗೊತ್ತಲ್ಲ, ರೆಸಾರ್ಟುಗಳಲ್ಲಿ ಮಣ್ಣು ಹಾರಿಸಿಕೊಂಡು ಹೋಗುವ ನಾಲ್ಕು ಚಕ್ರದ ಬೈಕು. ನನಗೆ ರೀಲ್ಸ್ ಮಾಡುವ ಹುಚ್ಚೇನೂ ಇರಲಿಲ್ಲ. ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ, ಎರಡು ತುಂಡು. ಮಳೆಗಾಲದಲ್ಲಿ ಮೇಲಿನ ತೋಟದ ಏರಿನಲ್ಲಿ ಬೈಕು ಜಾರುತ್ತದೆ, ಜೀಪು ತಗೊಳ್ಳುವಷ್ಟು ದುಡ್ಡಿಲ್ಲ. ಪಂಪಿಗೆ ಡೀಸೆಲ್ ಕ್ಯಾನು, ಒಂದು ಚೀಲ ಗೊಬ್ಬರ ಸಾಗಿಸಿದರೆ ಸಾಕು ಅಂತ ಲೆಕ್ಕ ಹಾಕಿದ್ದೆ.

ಮಾರಿದವನ ಮಾತು ಕೇಳಬೇಕಿತ್ತು ನೀವು. ‘ಸಿಂಗಲ್ ಓನರ್ ಸಾರ್. ತೋಟದಲ್ಲಿ ಮಾತ್ರ ಓಡಿಸಿದ್ದು. ವಾರಕ್ಕೊಂದು ರೌಂಡು ಹೊಡೆದರೆ ಜಾಸ್ತಿ.’ ನೋಡೋಕೆ ಹೋದಾಗ ಗಾಡಿ ಒಂದೇ ಸಲ ಸೆಲ್ಫ್ ಬಟನ್ ಒತ್ತಿದ್ದಕ್ಕೆ ಸ್ಟಾರ್ಟ್ ಆಯಿತು. ಸೈಲೆನ್ಸರಿಗೆ ಕೈ ತಾಗಿ ಚುರ್ ಅಂದಿತ್ತು. ‘ನೀವು ಬರ್ತೀರಾ ಅಂತ ಸ್ಟಾರ್ಟ್ ಮಾಡಿಟ್ಟಿದ್ದೆ ಸಾರ್’ ಅಂದ. ಎಷ್ಟು ಒಳ್ಳೇ ಮನುಷ್ಯ ಅಂದುಕೊಂಡೆ! ಹಳೇ ಎಂಜಿನ್ನಿನ ಬಂಡವಾಳ ಬಯಲಾಗುವುದು ಹೆಚ್ಚಾಗಿ ಅದು ತಣ್ಣಗಿದ್ದಾಗ. ಇದು ನನಗೆ ಗೊತ್ತಾಗಿದ್ದು ಮರುದಿನ ಬೆಳಿಗ್ಗೆ. ಸೆಲ್ಫ್ ಒತ್ತಿ ಒತ್ತಿ ಬ್ಯಾಟರಿ ಸತ್ತಿತು. ಕೊನೆಗೆ ಬ್ಯಾಟರಿ ಬಿಚ್ಚಿ, ಜೀಪಿನವರ ಹತ್ತಿರ ಚಾರ್ಜ್ ಮಾಡಿಸಿ ತಂದು ಎಬ್ಬಿಸಿದಾಗ ಹಿಂದಿನಿಂದ ನೀಲಿ ಹೊಗೆ. ಎಂಜಿನ್ನಿನ ಪಿಸ್ಟನ್ ರಿಂಗು ಸವೆದು ಆಯಿಲ್ ಉರಿಯುತ್ತಿದೆ ಅಂತ ಮೆಕ್ಯಾನಿಕ್ ಹುಡುಗ ವಾಸನೆಯಲ್ಲೇ ಹೇಳಿಬಿಟ್ಟ.

ಅವನೇ ಇನ್ನೊಂದು ಕೇಳಿದ. ‘ಅಣ್ಣಾ, ಇದು ಯಾಕೆ ಇಷ್ಟು ನಿಧಾನ?’ ಎಟಿವಿಗೆ ಆಕ್ಸಿಲರೇಟರ್ ಬಲಗೈ ಹೆಬ್ಬೆರಳಲ್ಲಿ ಒತ್ತುವುದು. ಅದು ಕೂತಿರುವ ಡಬ್ಬಿಯ ಮೇಲೆ ಒಂದು ಸಣ್ಣ ಸ್ಕ್ರೂ ಇರುತ್ತದೆ. ಮಕ್ಕಳು, ಹೊಸಬರು ಜೋರಾಗಿ ಓಡಿಸದ ಹಾಗೆ ಅದನ್ನು ಒಳಗೆ ತಿರುಗಿಸಿಟ್ಟರೆ ಹೆಬ್ಬೆರಳು ಅರ್ಧಕ್ಕೇ ನಿಲ್ಲುತ್ತದೆ. ನಮ್ಮ ಗಾಡಿಯಲ್ಲಿ ಅದು ಪೂರ್ತಿ ಒಳಗೆ ಹೋಗಿ ತುಕ್ಕು ಹಿಡಿದಿತ್ತು. ಒಬ್ಬನೇ ಓನರು ತನ್ನ ತೋಟದಲ್ಲಿ ತನಗೇ ಯಾಕೆ ಬ್ರೇಕ್ ಹಾಕಿಕೊಳ್ಳುತ್ತಾನೆ? ಅನುಮಾನ ಬಂದು ಟ್ಯಾಂಕಿನ ಪಕ್ಕದ ದೊಡ್ಡ ಬೆಂಕಿ ಚಿತ್ರದ ಸ್ಟಿಕ್ಕರನ್ನು ಉಗುರಲ್ಲಿ ಕೆರೆದೆ. ಅಂಟು ಅಂಟಾಗಿ ಬಂತು. ಕೆಳಗೆ ಬಿಳಿ ಪೇಂಟಿನಲ್ಲಿ, ಅಂಗೈ ಅಗಲದ ನಂಬರು: 7.

ಏಳು! ಅಂದರೆ ರೆಸಾರ್ಟಿನಲ್ಲಿ ಬಾಡಿಗೆಗೆ ಓಡಿದ ಸಾಲಿನಲ್ಲಿ ಏಳನೇ ಗಾಡಿ. ಒಂದರಿಂದ ಆರರವರೆಗೆ ಇನ್ನೂ ಎಲ್ಲೆಲ್ಲಿ ಯಾರ್ಯಾರ ತಲೆಗೆ ಕಟ್ಟಿದ್ದಾನೋ. ಶನಿವಾರ ಭಾನುವಾರ ಬೆಂಗಳೂರಿನಿಂದ ಬಂದವರು ಹತ್ತು ಹತ್ತು ನಿಮಿಷ ಸರದಿಯಲ್ಲಿ ಕೂತು, ಹೊಂಡಕ್ಕೆ ಹಾರಿಸಿ, ಟ್ರ್ಯಾಕಿನ ಅಂಚಿಗೆ ಇಟ್ಟ ಟೈರಿಗೆ ಗುದ್ದಿಸಿ ಬಿಟ್ಟ ಗಾಡಿ ಇದು. ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಲಟ ಲಟ ಅನ್ನುತ್ತದೆ, ಬಾಲ್ ಜಾಯಿಂಟ್ ಹೋಗಿದೆ. ಚಾಸಿಗೆ ಹೊಸ ಕಪ್ಪು ಪೇಂಟು, ಅದರ ಅಡಿಯಲ್ಲಿ ಎರಡು ಕಡೆ ವೆಲ್ಡಿಂಗ್. ಹಿಂದಿನ ಆಕ್ಸಲ್ ಬೇರಿಂಗು ಮೂರನೇ ದಿನವೇ ಕೂಗೋಕೆ ಶುರು ಮಾಡಿತು. ಬಿಡಿಭಾಗ ಕೇಳಿದರೆ ಹಾಸನದಲ್ಲಿ ‘ಯಾವ ಕಂಪನಿ?’ ಅಂತಾರೆ. ಚೀನಾದಿಂದ ಬಂದ ಇನ್ನೂರು ಸಿಸಿ ಗಾಡಿಗೆ ಕಂಪನಿ ಎಲ್ಲಿಂದ ತರಲಿ? ಮೈ ಮೇಲೆ ಇರೋದು ಬರೀ ಸ್ಟಿಕ್ಕರು.

ಪಂಕ್ಚರ್ ಅಂಗಡಿಯ ಕಥೆ ಬೇರೆ. ಈ ದಪ್ಪ ಟೈರಿಗೆ ಗಾಳಿ ಐದೋ ಆರೋ ಪಿಎಸ್‌ಐ ಇದ್ದರೆ ಸಾಕು, ಟೈರಿನ ಮೇಲೇ ಬರೆದಿರುತ್ತದೆ. ಅಂಗಡಿಯವನ ಮೀಟರ್ ಶುರುವಾಗುವುದೇ ಹತ್ತರಿಂದ. ‘ಇಷ್ಟು ಕಮ್ಮಿ ಯಾರು ಹಾಕ್ತಾರೆ’ ಅಂತ ಬೈಕಿನ ಲೆಕ್ಕದಲ್ಲಿ ಇಪ್ಪತ್ತೈದು ತುಂಬಿಸಿ ಕಳಿಸಿದ. ಗಾಡಿ ಚೆಂಡಿನ ಹಾಗೆ ಪುಟಿಯಿತು. ಅದರ ಮೇಲೆ ಇದು ಕಾರಿನಂತೆ ತಿರುಗುವುದಿಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ, ಎರಡೂ ಒಂದೇ ವೇಗದಲ್ಲಿ ಸುತ್ತುತ್ತವೆ. ಮೈಯನ್ನು ಒಳಗೆ ವಾಲಿಸದೆ ಸುಮ್ನೆ ಹ್ಯಾಂಡಲ್ ತಿರುಗಿಸಿದರೆ ನೆಟ್ಟಗೆ ಹೋಗುತ್ತದೆ. ಹೋಯಿತು, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕಿಗೆ. ಅಪ್ಪ ಕಣದಲ್ಲಿ ನಿಂತು ನೋಡಿ ‘ಎತ್ತಾದರೂ ತಿರುಗುತ್ತಿತ್ತು’ ಅಂದರು. ಇದೊಂದು ತಪ್ಪು ಮಾತ್ರ ಮಾರಿದವನದಲ್ಲ, ನನ್ನದೇ.

ಆದರೆ ಪೇಪರ್ ವಿಷಯ? ‘ಪೇಪರ್ ಏನೂ ಬೇಡ ಸಾರ್, ಎಟಿವಿಗೆ ಪೇಪರೇ ಇರಲ್ಲ’ ಅಂದಿದ್ದ. ಅರ್ಧ ನಿಜ, ಅದೇ ದೊಡ್ಡ ಮೋಸ. ಬೇಲಿಯ ಒಳಗೆ ಓಡಿಸುವವರೆಗೆ ಯಾರೂ ಕೇಳುವುದಿಲ್ಲ. ನನ್ನ ಎರಡು ತೋಟದ ಮಧ್ಯೆ ಒಂದೂವರೆ ಕಿಲೋಮೀಟರ್ ಪಂಚಾಯಿತಿ ರಸ್ತೆ ಇದೆ. ರಸ್ತೆಗೆ ಬಂದರೆ 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ರಿಜಿಸ್ಟ್ರೇಷನ್ ಬೇಕು, ಇನ್ಶೂರೆನ್ಸ್ ಬೇಕು. ರಿಜಿಸ್ಟರ್ ಮಾಡಿಸೋಣ ಅಂತ ಹೋದರೆ ಮಾರಾಟದ ಫಾರಂ 21 ಎಲ್ಲಿ, ಗಾಡಿ ರಸ್ತೆಗೆ ಯೋಗ್ಯ ಅಂತ ಕಂಪನಿಯವರು ಕೊಡುವ ಫಾರಂ 22 ಎಲ್ಲಿ? ಪೋಲಾರಿಸ್ ಕಂಪನಿಯವರು 2021ರಲ್ಲಿ ಒಂದು ಎಟಿವಿಯನ್ನು ಟ್ರಾಕ್ಟರ್ ಅಂತ ರಿಜಿಸ್ಟರ್ ಆಗುವ ಹಾಗೆ ಮಾಡಿಸಿ ರಸ್ತೆಗೆ ಬಿಟ್ಟರು, ಆಗಿನ ಬೆಲೆ ಎಂಟು ಲಕ್ಷದ ಹತ್ತಿರ. ಎಂಟು ಲಕ್ಷ ಇದ್ದಿದ್ದರೆ ನಾನು ಜೀಪನ್ನೇ ತಗೊಳ್ತಿರಲಿಲ್ವಾ? ಈಗ ಮೇಲಿನ ತೋಟಕ್ಕೆ ಈ ಎಟಿವಿಯನ್ನು ಪಿಕಪ್‌ನಲ್ಲಿ ಹೇರಿಕೊಂಡು ಹೋಗಬೇಕು. ಪಿಕಪ್ ಬಂದರೆ ಗೊಬ್ಬರವನ್ನೇ ಅದರಲ್ಲಿ ಹಾಕಬಹುದು, ಇದು ಯಾಕೆ ಬೇಕು?

ಅವನಿಗೆ ಫೋನ್ ಮಾಡಿದೆ. ಮೊದಲ ಸಲ ‘ಮೀಟಿಂಗಲ್ಲಿದ್ದೀನಿ ಸಾರ್’. ಎರಡನೇ ಸಲ ‘ನೋಡಿಯೇ ತಗೊಂಡ್ರಲ್ಲ ಸಾರ್’. ಮೂರನೇ ಸಲದಿಂದ ರಿಂಗೇ ಆಗುತ್ತಿಲ್ಲ.

ಮಾರಿಬಿಡು ಅಂತ ಭಾವ ಹೇಳ್ತಾ ಇದ್ದಾನೆ. ಮಾರಬೇಕಾದರೆ ನಾನೂ ‘ತೋಟದಲ್ಲಿ ಮಾತ್ರ ಓಡಿಸಿದ್ದು’ ಅಂತಲೇ ಹೇಳಬೇಕು. ನನ್ನ ಬಾಯಲ್ಲಿ ಅದು ಸುಳ್ಳೂ ಅಲ್ಲ ನೋಡಿ, ರಸ್ತೆಗೆ ಇಳಿಸೋ ಹಾಗೇ ಇಲ್ವಲ್ಲ. ಸದ್ಯಕ್ಕೆ ಆ ಸ್ಟಿಕ್ಕರಿನ ಉಳಿದ ಅಂಟನ್ನೂ ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದಿದ್ದೇನೆ. 7 ಈಗ ಚೆನ್ನಾಗಿ ಕಾಣುತ್ತಿದೆ.