ನೈಟ್ ಡ್ಯೂಟಿಗೆ ಎಷ್ಟು ಜನ ಇರ್ತಾರೆ ಅಕ್ಕಾ?

2022ರಲ್ಲಿ ಉಡುಪಿ ಜಿಲ್ಲೆಯ ಶಿರೂರು ಟೋಲ್‌ನಲ್ಲಿ ಹೊನ್ನಾವರದ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಪಲ್ಟಿಯಾದ ಮೇಲೆ ನಾವೆಲ್ಲ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಬರೆದಿದ್ದೇ ಬರೆದಿದ್ದು. ಕಟ್ಟಡ ಕೇಳಿದೆವು, ಮಷೀನು ಕೇಳಿದೆವು, ಹಾರ್ಟಿನ ಡಾಕ್ಟರನ್ನು ಕೇಳಿದೆವು. ನರ್ಸ್‌ಗಳು ಈ ಜಿಲ್ಲೆಗೆ ಯಾಕೆ ಬರಬೇಕು ಅನ್ನೋ ಮಾತೇ ಬರಲಿಲ್ಲ.

ಶಿರಸಿ, ಕಾರವಾರ ಎರಡೂ ಕಡೆ ವಾರ್ಡಿನಲ್ಲಿ ನರ್ಸ್ ಆಗಿ ದುಡಿದವಳು ನಾನು. ಹೊಸದಾಗಿ ಪಾಸಾದ ಹುಡುಗಿಯರು ಎಲ್ಲಿ ಸೇರಲಿ ಅಂತ ಫೋನ್ ಮಾಡ್ತಾರೆ. ಸಂಬಳ ಆಮೇಲೆ. ಮೊದಲ ಪ್ರಶ್ನೆ, 'ನೈಟ್ ಡ್ಯೂಟಿಗೆ ಎಷ್ಟು ಜನ ಇರ್ತಾರೆ ಅಕ್ಕಾ?'

ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ 3 ರೋಗಿಗೆ ಒಬ್ಬರು ನರ್ಸ್, ಬೇರೆ ಆಸ್ಪತ್ರೆಯಲ್ಲಿ 5ಕ್ಕೆ ಒಬ್ಬರು. ನಾನಿದ್ದ ಒಂದು ಕಡೆ ರಾತ್ರಿ ಇಡೀ ವಾರ್ಡಿಗೆ ಒಬ್ಬಳೇ. ಈ ತುದಿಯ ಅಜ್ಜ ಡ್ರಿಪ್ ಕಿತ್ತುಕೊಂಡು ಹಾಸಿಗೆಯೆಲ್ಲ ರಕ್ತ ಮಾಡಿಕೊಂಡಿರ್ತಾನೆ, ಆ ತುದಿಯಲ್ಲಿ ಆಪರೇಷನ್ ಆದವಳಿಗೆ ವಾಂತಿ. ನಡುವೆ ಒಬ್ಬ ಸಂಬಂಧಿಕ 'ಸಿಸ್ಟರ್ ಎಲ್ಲಿ ಸತ್ತಳು' ಅಂತ ಮೊಬೈಲ್ ಹಿಡಿದು ವಿಡಿಯೋ ಮಾಡ್ತಿರ್ತಾನೆ. ಬೆಳಿಗ್ಗೆ ಡಾಕ್ಟರು ಬಂದು ಎಲ್ಲರೆದುರು ಬೈಯೋದೂ ಅವಳಿಗೇ. ಆಗ ಇನ್‌ಚಾರ್ಜ್ ಸಿಸ್ಟರ್ 'ನಂಗೆ ಹೇಳಿ ಸರ್, ಹುಡುಗಿ ಒಬ್ಬಳೇ ಇದ್ದಳು' ಅಂದರೆ ಆ ಹುಡುಗಿ ನಿಲ್ತಾಳೆ. ಸುಮ್ಮನಿದ್ದರೆ ತಿಂಗಳೊಳಗೆ ರಾಜೀನಾಮೆ.

ರಾಜೀನಾಮೆ ಕೊಡೋಕೆ ಬಿಟ್ಟರೆ! ಸೇರುವಾಗಲೇ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಸಿದುಕೊಂಡು ಬೀರುವಿಗೆ ಬೀಗ ಹಾಕೋರಿದ್ದಾರೆ. ಒರಿಜಿನಲ್ ತೋರಿಸಿ ವಾಪಸ್ ತಗೊಳ್ಳಿ, ಝೆರಾಕ್ಸ್ ಕೊಡಿ, ಇಷ್ಟು ದಿನ ಕೆಲಸ ಬಿಡೋ ಹಾಗಿಲ್ಲ ಅಂತ ಬರೆಸಿಕೊಳ್ಳೋ ಬಾಂಡ್ ಪೂರ್ತಿ ಓದಿ ಅಂತ ಎಲ್ಲರಿಗೂ ಹೇಳ್ತೇನೆ.

ಸಂಬಳ ಬೇಡ ಅಂತಲ್ಲ ಮತ್ತೆ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಮಾಡಿದ ಸಮಿತಿ 2016ರಲ್ಲೇ, ಖಾಸಗಿ ಆಸ್ಪತ್ರೆ ಎಷ್ಟೇ ಸಣ್ಣದಿರಲಿ ತಿಂಗಳಿಗೆ 20,000ಕ್ಕೆ ಕಡಿಮೆ ಕೊಡಬಾರದು ಅಂದಿತ್ತು. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸಿನಷ್ಟೇ ಕೊಡಬೇಕು. ಆದರೆ ಶಿಫಾರಸಿಗೆ ಹೆದರೋ ಮಾಲೀಕರು ಯಾರು?

ನಮ್ಮ ಕಡೆಯ ಇನ್ನೊಂದು ಸಂಕಟ ಬಸ್ಸು. ಮಧ್ಯಾಹ್ನದ ಡ್ಯೂಟಿ ಮುಗಿಯೋದು ರಾತ್ರಿ ಎಂಟಕ್ಕೆ. ಮುಂದಿನ ಡ್ಯೂಟಿಯವರಿಗೆ ಹ್ಯಾಂಡೋವರ್ ಕೊಟ್ಟು ಹೊರಬೀಳುವಾಗ ಎಂಟೂವರೆ. ಶಿರಸಿ ಪೇಟೆಯಿಂದ ಒಳಗಿನ ಹಳ್ಳಿಗೆ ಆ ಹೊತ್ತಲ್ಲಿ, ಅದೂ ಆಷಾಢದ ಮಳೆಯಲ್ಲಿ, ಹೆಣ್ಣುಮಗಳು ಹೇಗೆ ಹೋಗಬೇಕು? ಕ್ವಾರ್ಟರ್ಸೂ ಇಲ್ಲ, ಆಸ್ಪತ್ರೆ ಗಾಡಿಯೂ ಇಲ್ಲ ಅಂದರೆ ಮನೆಯವರೇ ಬೇಡ ಅಂತಾರೆ. ಮಂಗಳೂರಲ್ಲಿ ಕ್ಯಾಂಪಸ್ಸಿನಲ್ಲೇ ಹಾಸ್ಟೆಲ್ ಸಿಗುತ್ತೆ.

ಹಾಗಾಗಿ ಈಗ ಫೋನ್ ಮಾಡಿದವರಿಗೆ ಮಂಗಳೂರಿಗೆ ಹೋಗಿ ಅಂತ ನಾನೇ ಹೇಳ್ತಿದ್ದೇನೆ. ಊರಿನ ಅಭಿಮಾನ ಇಲ್ಲದವಳು ಅಂತ ಬೈಯೋರು ಬೈಯಿರಿ, ಜೊತೆಗೆ ನಿಮ್ಮೂರ ಆಸ್ಪತ್ರೆಯಲ್ಲಿ ರಾತ್ರಿ ಎಷ್ಟು ಜನ ನರ್ಸ್ ಇರ್ತಾರೆ ಅಂತಲೂ ಕೇಳಿಕೊಂಡು ಬಂದು ಬರೆಯಿರಿ.