ಪಾಠ ಅಪ್ಪಂದಿರಿಗೂ ಬೇಕು

ದಾವಣಗೆರೆಯ ಕಾಲೇಜುಗಳಲ್ಲಿ ರಸ್ತೆ ಸುರಕ್ಷತೆಯ ಅರಿವು ಮೂಡಿಸಬೇಕೆಂದು ಲೇಖನವೊಂದು ಕೊಟ್ಟ ಸಲಹೆ ಸರಿಯೇ. ಆದರೆ ಹದಿನಾರರ ಮಗನ ಕೈಗೆ ಬೈಕ್ ಕೀಲಿ ಕೊಡುವವರು ಯಾರು? 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಎಪಿಎಂಸಿ ಅಂಗಳದಲ್ಲಿ, ಹಳ್ಳಿಯ ಹಾಲಿನ ಡೇರಿಯ ಮುಂದೆ ಹೇಳಬೇಕು. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡಿ ಸುತ್ತ ಕಲ್ಲಿಡುವುದರ ಅಪಾಯವನ್ನೂ ಹೇಳದೆ ಬಿಡಬಾರದು. ಕತ್ತಲಾದ ಮೇಲೆ ಬೈಕ್ ಸವಾರನಿಗೆ ಆ ಕಲ್ಲು ಗೊತ್ತಾಗುವುದು ಚಕ್ರಕ್ಕೆ ತಾಗಿದಾಗಲೇ. ಹೆಲ್ಮೆಟ್ ಹಂಚಿ ಫೋಟೊ ತೆಗೆಸಿಕೊಳ್ಳುವ (ಅದರಲ್ಲಿ ನಮ್ಮವರು ನಿಸ್ಸೀಮರು) ಕಾರ್ಯಕ್ರಮ ಜನವರಿಯಲ್ಲಿ ಮುಗಿಯುತ್ತದೆ. ಮೆಕ್ಕೆಜೋಳ ರಸ್ತೆಗೆ ಬರುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಇನ್ನೊಂದು ಶಿಬಿರ ಆಗಲೂ ನಡೆಯಲಿ.