ಚಲಾವಣೆಯಲ್ಲಿರುವ ರವಿಕೆ ಕಣ

ಹಬ್ಬಕ್ಕೆ ಎರಡು ತಿಂಗಳು ಇರುವಾಗಲೇ ಉಡುಗೊರೆ ಯೋಚಿಸಿ, ಪಟ್ಟಿ ಮಾಡಿ, ಇಷ್ಟೇ ಖರ್ಚು ಅಂತ ಗೆರೆ ಹಾಕಿಕೊಳ್ಳಿ ಎಂದು ಪೇಪರ್‌ನಲ್ಲಿ ಬಂದಿತ್ತು. ಗಟ್ಟಿಯಾಗಿ ಓದಿದೆ. ನಮ್ಮತ್ತೆ ಅಕ್ಕಿ ಆರಿಸುತ್ತಾ ಕೂತಿದ್ದರು. "ಎರಡೇ ತಿಂಗಳಾ?" ಅಂದರು. ಬರೆದವರ ಮೇಲೆ ಅವರಿಗೆ ಕನಿಕರ ಬಂದಿತ್ತು.

ಯಾಕೆಂದರೆ ನಮ್ಮತ್ತೆಯ ಬೀರುವಿನ ಮೇಲಿನ ಖಾನೆಯಲ್ಲಿ ಮುಂದಿನ ವರ್ಷದ ಗೌರಿ ಹಬ್ಬ ಈಗಲೇ ತಯಾರಾಗಿ ಕೂತಿದೆ. ವರಮಹಾಲಕ್ಷ್ಮಿಗೆ ಬಂದ ರವಿಕೆ ಕಣ ಗೌರಿಗೆ ಹೋಗುತ್ತದೆ. ಗೌರಿ ಬಾಗಿನದಲ್ಲಿ ಬಂದದ್ದು ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದವರ ಪಾಲು. ಗೊಂಬೆ ಮನೆಗಳಿಂದ ಬಂದದ್ದು ಸಂಕ್ರಾಂತಿಯ ಎಳ್ಳಿನ ಜೊತೆ ಹೊರಡುತ್ತದೆ. ನಡುವೆ ಒಂದು ಸೀಮಂತವೋ ನಾಮಕರಣವೋ ಬಂದರೆ ಇನ್ನೂ ಒಳ್ಳೆಯದು, ಖಾನೆಯಲ್ಲಿ ಜಾಗ ಆಗುತ್ತದೆ.

ಇದಕ್ಕೆಲ್ಲ ಲೆಕ್ಕ ಇದೆ. ಹಳೇ ಬ್ಯಾಂಕ್ ಡೈರಿಯೊಂದರಲ್ಲಿ ಅತ್ತೆ ನಾಲ್ಕು ಗೆರೆ ಎಳೆದಿದ್ದಾರೆ. ಯಾರಿಂದ, ಬಣ್ಣ, ಗುರುತು, ಯಾರಿಗೆ. "ಹಸಿರು, ಮೂಲೆಯಲ್ಲಿ ಕುಂಕುಮದ ಕಲೆ. ವಿಜಯನಗರಕ್ಕೆ ಬೇಡ, ಅಲ್ಲಿಂದಲೇ ಬಂದದ್ದು." ಈ ಹಸಿರು ಕಣ ನಾನು ಸೊಸೆಯಾಗಿ ಬಂದಾಗಿನಿಂದ ನಾಲ್ಕು ಸಲ ನಮ್ಮ ಮನೆಗೆ ಬಂದು ಹೋಗಿದೆ. ಬಂದಾಗಲೆಲ್ಲ ಅತ್ತೆ ಅದನ್ನು ತವರಿಗೆ ಬಂದ ಮಗಳ ಹಾಗೆ ನೋಡುತ್ತಾರೆ. ಕಳಿಸುವಾಗ ಒಂದು ಹಿಡಿ ಅಕ್ಕಿ, ಎಲೆ ಅಡಿಕೆ, ತೆಂಗಿನಕಾಯಿ.

ಹೊಸದಾಗಿ ಮದುವೆಯಾದಾಗ ನನಗೆ ಈ ವ್ಯವಸ್ಥೆ ಗೊತ್ತಿರಲಿಲ್ಲ. ಯಾರೋ ಕೊಟ್ಟ ನೇರಳೆ ಕಣ ಚೆನ್ನಾಗಿದೆ ಅಂತ ಟೈಲರ್ ಹತ್ತಿರ ತೆಗೆದುಕೊಂಡು ಹೋದೆ. ಅವನು ಬಿಚ್ಚಿ, ಟೇಪ್ ಹಿಡಿದು ನೋಡಿದ. 80 ಸೆಂಟಿಮೀಟರ್. ಅದೂ ಉದಾರವಾಗಿ ಎಳೆದು ಹಿಡಿದರೆ. "ಮೇಡಂ, ಬೆನ್ನು ಬೇಕಾ, ತೋಳು ಬೇಕಾ?" ಅಂತ ಕೇಳಿದ. ಎರಡೂ ಬೇಕು ಅಂದೆ. "ಹಾಗಾದರೆ ಇನ್ನೊಂದು ಹಬ್ಬ ಕಾಯಿರಿ" ಅಂದ. ಚಿಕ್ಕಪೇಟೆಯಲ್ಲಿ ಕಟ್ಟುಗಟ್ಟಲೆ ಕೊಂಡರೆ 25–30 ರೂಪಾಯಿಗೆ ಸಿಗುವ ತುಂಡು. ಲೈನಿಂಗ್ ಹಾಕಿ ಹೊಲಿಯಲು ಅವನು ಕೇಳಿದ ಕೂಲಿ 600. ಆವತ್ತು ಗೊತ್ತಾಯಿತು. ಇದು ಬಟ್ಟೆ ಅಲ್ಲ. ನೋಟು. ನೋಟನ್ನು ಯಾರಾದರೂ ಹೊಲಿಸುತ್ತಾರಾ?

ಗಂಡಸರು ನಗಬೇಕಾಗಿಲ್ಲ. ಅವರ ರವಿಕೆ ಕಣದ ಹೆಸರು ಶಾಲು. ನಮ್ಮ ಮಾವ ಬಡಾವಣೆಯ ಕನ್ನಡ ಸಂಘದ ಅಧ್ಯಕ್ಷರಾಗಿದ್ದವರು. ನವೆಂಬರ್ ತಿಂಗಳು ಪೂರ್ತಿ ರಾಜ್ಯೋತ್ಸವಗಳು. ಸಂಜೆ ಬರಿಗೈಲಿ ಹೋಗಿ ರಾತ್ರಿ ಶಾಲು, ಪೇಟ, ಹಣ್ಣಿನ ಬುಟ್ಟಿ ಹೊತ್ತು ಬರುತ್ತಿದ್ದರು. ಬುಟ್ಟಿಯಲ್ಲಿ ಮೇಲೆ ಸೇಬು, ಕೆಳಗೆ ಹುಲ್ಲು. ಆ ಶಾಲು ಹೊದ್ದರೆ ಬೆಂಗಳೂರಿನ ಡಿಸೆಂಬರ್ ಚಳಿಯೂ ತಡೆಯುವುದಿಲ್ಲ. ಅದು ಫೋಟೋ ತೆಗೆಯುವಷ್ಟು ಹೊತ್ತು ಮಾತ್ರ ಬೆಚ್ಚಗಿರುತ್ತದೆ. ಮುಂದಿನ ವಾರ ಮಾವನ ಸಂಘದ ಅತಿಥಿಗೆ ಅದೇ ಶಾಲು, ಅದೇ ಮಡಿಕೆ.

ಇದನ್ನು ನಿಲ್ಲಿಸಲು ಸರ್ಕಾರವೇ ಕೈ ಹಾಕಿತ್ತು. 2021ರ ಆಗಸ್ಟ್‌ನಲ್ಲಿ, ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ, ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಅಂತ ಆದೇಶವಾಯಿತು. 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯನವರು ಬಂದರು. ಅವರೂ ನನಗೆ ಹಾರ, ಶಾಲು ಬೇಡ, ಪುಸ್ತಕ ಕೊಡಿ ಅಂದರು. ಎರಡು ಪಕ್ಷಗಳು ಕೂಡಿ ಒಪ್ಪಿದ ವಿಷಯ ಇದೊಂದೇ ಇರಬೇಕು. ಫಲ ಏನಾಯಿತು ಅಂದರೆ, ಸಭೆಗಳಲ್ಲಿ ಈಗ ಶಾಲಿನ ಜೊತೆಗೆ ಪುಸ್ತಕವನ್ನೂ ಕೊಡುತ್ತಾರೆ. ಪುಸ್ತಕವೂ ಓಡಾಡಲು ಕಲಿತಿದೆ. ಮಾವನಿಗೆ ಮೊನ್ನೆ ಬಂದ ಕವನ ಸಂಕಲನದಲ್ಲಿ ಮೊದಲ ಹಾಳೆ ಇರಲಿಲ್ಲ. "ಪ್ರೀತಿಯಿಂದ" ಅಂತ ಬರೆದು ಸಹಿ ಹಾಕುವ ಹಾಳೆ. ಕವಿಯ ಪ್ರೀತಿ ಹಿಂದಿನ ಅತಿಥಿಯ ಮನೆಯ ಕಸದ ಬುಟ್ಟಿಯಲ್ಲಿ ಉಳಿದಿತ್ತು.

ದೆಹಲಿಯವರೂ ಪ್ರಯತ್ನಪಟ್ಟರು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯವು, ದೀಪಾವಳಿಗೆ ಮತ್ತು ಬೇರೆ ಹಬ್ಬಗಳಿಗೆ ಇಲಾಖೆಗಳು ಉಡುಗೊರೆ ಅಂತ ಸರ್ಕಾರದ ದುಡ್ಡು ಖರ್ಚು ಮಾಡಬಾರದು ಎಂದು ಹೇಳಿತು. ಸುದ್ದಿ ಕೇಳಿ ಅತ್ತೆಗೆ ಆಶ್ಚರ್ಯ. "ಉಡುಗೊರೆ ಕೊಡೋದಕ್ಕೆ ದುಡ್ಡು ಯಾಕೆ ಖರ್ಚಾಗುತ್ತೆ?" ಮೂವತ್ತು ವರ್ಷದಿಂದ ಕೊಡುತ್ತಾ ಬಂದವರು ಕೇಳುವ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಚಲಾವಣೆಗೆ ಒಬ್ಬರೇ ಶತ್ರುಗಳು, ಪಾತ್ರೆಯ ಮೇಲೆ ಹೆಸರು ಕೆತ್ತಿಸಿ ಕೊಡುವವರು. ಸ್ಟೀಲ್ ಡಬ್ಬಿ ಚೆನ್ನಾಗಿಯೇ ಇರುತ್ತದೆ. ಆದರೆ ಮುಚ್ಚಳದ ಮೇಲೆ ದಂಪತಿಯ ಹೆಸರು, ಗೃಹಪ್ರವೇಶ, ತಾರೀಖು. ಎಲ್ಲಿಗೂ ಕಳಿಸುವ ಹಾಗಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ನಿಜವಾಗಿ ಬಳಕೆಯಲ್ಲಿರುವ ಉಡುಗೊರೆಗಳು ಅವಷ್ಟೇ. ತೊಗರಿಬೇಳೆ ತೆಗೆಯುವಾಗಲೆಲ್ಲ ನಾನು ಯಾರದೋ 1987ರ ಗೃಹಪ್ರವೇಶಕ್ಕೆ ಹೋಗಿ ಬರುತ್ತೇನೆ.

ಸೋನ್ ಪಾಪಡಿ ಬಗ್ಗೆ ಏನೂ ಹೇಳುವುದಿಲ್ಲ. ಅದರ ಬಗ್ಗೆ ಎಲ್ಲರೂ ಹೇಳಿಯಾಗಿದೆ. ಅದಕ್ಕೆ ಕೊನೇ ಪಕ್ಷ ಡಬ್ಬಿ ಮೇಲೆ ಒಂದು ತಾರೀಖು ಇರುತ್ತದೆ, ಆಮೇಲೆ ಮುಕ್ತಿ. ರವಿಕೆ ಕಣಕ್ಕೆ ಅದೂ ಇಲ್ಲ.

ಇಲ್ಲ ಅಂತಲೇ ಅಂದುಕೊಂಡಿದ್ದೆವು. ಕಳೆದ ಗೌರಿ ಹಬ್ಬಕ್ಕೆ ಸ್ವಲ್ಪ ಮುಂಚೆ ಮೇಲಿನ ಮನೆಗೆ ಒಬ್ಬ ಹುಡುಗಿ ಬಾಡಿಗೆಗೆ ಬಂದಳು. ಹೊಸಬಳು, ಪಾಪ, ಕುಂಕುಮಕ್ಕೆ ಕರೆದರು ಅತ್ತೆ. ಡೈರಿ ನೋಡಿ, ಯಾವ ಮನೆಗೂ ಸೇರದವಳು ಅಂತ ಖಾತ್ರಿ ಮಾಡಿಕೊಂಡು, ಆ ಹಸಿರು ಕಣವನ್ನೇ ಕೊಟ್ಟರು. ಅವಳು ಎರಡೂ ಕೈಯಲ್ಲಿ ಹಿಡಿದು, "ಆಂಟಿ, ಎಷ್ಟು ಚೆನ್ನಾಗಿದೆ! ಥ್ಯಾಂಕ್ಸ್" ಅಂದಳು. ಆಗಲೇ ನಮಗೆ ಅನುಮಾನ ಬರಬೇಕಿತ್ತು. ರವಿಕೆ ಕಣ ನೋಡಿ ಖುಷಿಪಟ್ಟವರನ್ನು ನಾವು ಅದುವರೆಗೆ ಕಂಡಿರಲಿಲ್ಲ.

ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದಳು. ವಿಜಯನಗರದವರು, ಹನುಮಂತನಗರದವರು, ನಮ್ಮ ನಾದಿನಿ, ಎಲ್ಲರೂ ಇದ್ದರು. ಅವಳು ಗೊಂಬೆ ಕಡೆ ತಿರುಗಿ ನಮಸ್ಕಾರ ಮಾಡಿದಳು. ಬೆನ್ನಿಗೆ ಹಸಿರು, ತೋಳಿಗೆ ಬೇರೆ ಬಟ್ಟೆ. ಬಲಗಡೆ ಹೆಗಲ ಕೆಳಗೆ ಕುಂಕುಮದ ಕಲೆ. ಕೋಣೆಯಲ್ಲಿ ಮಾತು ನಿಂತಿತು. ಅದನ್ನು ಒಂದಲ್ಲ ಒಂದು ವರ್ಷ ಯಾರಿಗೋ ದಾಟಿಸದವರು ಅಲ್ಲಿ ಒಬ್ಬರೂ ಇರಲಿಲ್ಲ.

"ಹೊಲಿಸಿಬಿಟ್ಟಿದ್ದಾಳೆ ಕಣೇ," ಅಂದರು ವಿಜಯನಗರದವರು, ಪಿಸುಮಾತಿನಲ್ಲಿ.

ರಾತ್ರಿ ಎಲ್ಲರೂ ಹೋದ ಮೇಲೆ ಅತ್ತೆ ಡೈರಿ ತೆಗೆದರು. "ಹಸಿರು" ಅಂತ ಇದ್ದ ಸಾಲಿನ ಮುಂದೆ "ಹೋಯಿತು" ಅಂತ ಬರೆದು ತಾರೀಖು ಹಾಕಿದರು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ, ಕೈಕಾಲು ತೊಳೆದುಕೊಂಡು ಬಂದರು.